ಸಾವಿನ ಮನೆಯಲ್ಲಿ ಮಗುವೂ ಇದೆ

ಮನೆಯಲ್ಲಿ ಸಾವಾದ ಕೂಡಲೇ ದೊಡ್ಡವರು ಮಾಡುವ ಕೆಲಸಗಳಲ್ಲಿ ಒಂದು, ಮಕ್ಕಳನ್ನು ಪಕ್ಕದ ಮನೆಗೆ ಕಳಿಸುವುದು. 'ಟಿವಿ ಹಾಕಿ ಕೂರಿಸಿ, ಏನಾದರೂ ತಿನ್ನಲು ಕೊಡಿ, ಏನೂ ಹೇಳಬೇಡಿ' ಎಂಬ ಸೂಚನೆಯೂ ಜೊತೆಗೇ ಹೋಗುತ್ತದೆ. ಸಂಜೆ ಮಗು ಮರಳಿ ಬರುವ ಹೊತ್ತಿಗೆ ಬಾಗಿಲ ತುಂಬ ಚಪ್ಪಲಿ, ಒಳಗೆ ಅಪರಿಚಿತ ಮುಖಗಳು. 'ಅಪ್ಪ ಎಲ್ಲಿ?' ಎಂದು ಕೇಳಿದರೆ ಒಬ್ಬರು ದೇವರ ಹತ್ತಿರ ಹೋಗಿದ್ದಾರೆ ಎನ್ನುತ್ತಾರೆ, ಇನ್ನೊಬ್ಬರು ನಕ್ಷತ್ರವಾಗಿದ್ದಾರೆ ಎನ್ನುತ್ತಾರೆ, ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡು ಒಳಕ್ಕೆ ಎದ್ದು ಹೋಗುತ್ತಾರೆ.

ಯಾರ ಉದ್ದೇಶವೂ ಕೆಟ್ಟದ್ದಲ್ಲ. ಆದರೆ ಮಗುವಿಗೆ ಇದರಿಂದ ತಿಳಿಯುವುದು ಇಷ್ಟೇ: ಏನೋ ಭಯಂಕರವಾದದ್ದು ನಡೆದಿದೆ, ಅದರ ಬಗ್ಗೆ ಕೇಳಬಾರದು. ಮಗುವನ್ನು ದುಃಖದಿಂದ ದೂರ ಇಟ್ಟಿದ್ದೇವೆ ಎಂದು ನಾವು ಅಂದುಕೊಳ್ಳುತ್ತೇವೆ. ನಿಜದಲ್ಲಿ ದುಃಖದೊಳಗೆ ಅದನ್ನು ಒಂಟಿಯಾಗಿ ಬಿಟ್ಟಿರುತ್ತೇವೆ. ಅಂಥ ಮನೆಯ ಹಿರಿಯರು, ನೆಂಟರು, ನೆರೆಯವರು ಮತ್ತು ಶಿಕ್ಷಕರು ಏನು ಮಾಡಬಹುದು ಎಂಬುದನ್ನು ಇಲ್ಲಿ ಕ್ರಮವಾಗಿ ನೋಡೋಣ.

ಮಗು ಸಾವನ್ನು ಹೇಗೆ ಅರಿಯುತ್ತದೆ?

ಹಂಗೆರಿಯ ಮನಃಶಾಸ್ತ್ರಜ್ಞೆ ಮರಿಯಾ ನಾಗಿ 1948ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಮೊದಮೊದಲ ದೊಡ್ಡ ಹೆಜ್ಜೆ. ಐದು ವರ್ಷದೊಳಗಿನ ಮಕ್ಕಳು ಸಾವನ್ನು ಒಂದು ಬಗೆಯ ನಿದ್ದೆ ಅಥವಾ ಪ್ರಯಾಣ ಎಂದೇ ತಿಳಿಯುತ್ತಾರೆ ಎಂದು ಅವರು ಕಂಡುಕೊಂಡರು. ಸಾವಿನ ಬಗ್ಗೆ ಮಗು ಕಲಿಯಬೇಕಾದ ಸಂಗತಿಗಳು ಮೂರು: ಸತ್ತವರು ತಿರುಗಿ ಬರುವುದಿಲ್ಲ, ಸತ್ತ ದೇಹಕ್ಕೆ ಹಸಿವು, ಚಳಿ, ನೋವು ಇರುವುದಿಲ್ಲ, ಇದು ಎಲ್ಲ ಜೀವಿಗಳಿಗೂ ಒಂದು ದಿನ ಬರುವಂಥದ್ದು. ಹೆಚ್ಚಿನ ಮಕ್ಕಳಿಗೆ ಇದು ಐದರಿಂದ ಏಳು ವರ್ಷದ ನಡುವೆ ತಿಳಿಯುತ್ತಾ ಬರುತ್ತದೆ. ಹೀಗಾಗಿ ಒಂದೇ ಮನೆಯ ಇಬ್ಬರು ಮಕ್ಕಳಿಗೆ ಒಂದೇ ಮಾತು ಸಾಲದು.

* 3 ವರ್ಷದೊಳಗೆ: ಸಾವು ಎಂದರೇನೆಂದು ತಿಳಿಯದು. ಆದರೆ ಎತ್ತಿಕೊಳ್ಳುವ ಕೈ, ಜೋಗುಳದ ದನಿ ಬದಲಾದದ್ದು ತಿಳಿಯುತ್ತದೆ. ಊಟ, ನಿದ್ದೆ ಕೆಡುತ್ತದೆ. ಆದಷ್ಟೂ ಒಬ್ಬರೇ ಉಣಿಸಿ, ಸ್ನಾನ ಮಾಡಿಸಿ, ಮಲಗಿಸುವಂತೆ ನೋಡಿಕೊಳ್ಳಿ.
* 3ರಿಂದ 5: 'ಸತ್ತುಹೋದರು' ಎಂದು ತಾನೇ ಹೇಳುತ್ತದೆ, ಮರುಗಳಿಗೆಗೆ 'ನಾಳೆ ಬರ್ತಾರಾ?' ಎನ್ನುತ್ತದೆ. ತಾನು ಸಿಟ್ಟಿನಲ್ಲಿ ಅಂದ ಮಾತಿನಿಂದಲೇ ಹೀಗಾಯಿತು ಎಂದು ನಂಬುವ ವಯಸ್ಸೂ ಇದೇ.
* 6ರಿಂದ 9: ಪ್ರಶ್ನೆಗಳು ನೇರ. 'ಸುಟ್ಟಾಗ ನೋವಾಗಲ್ವಾ?', 'ಮಣ್ಣೊಳಗೆ ಉಸಿರು ಕಟ್ಟಲ್ವಾ?' ಇದು ಅಧಿಕಪ್ರಸಂಗವಲ್ಲ, ತಿಳಿದುಕೊಳ್ಳುವ ಬಗೆ.
* 10ರಿಂದ 12: ಸಾವು ಪೂರ್ತಿ ಅರ್ಥವಾಗಿರುತ್ತದೆ. ಚಿಂತೆ ಮುಂದಿನದು: ಫೀಸು ಯಾರು ಕಟ್ಟುತ್ತಾರೆ, ಮನೆ ಬಿಡಬೇಕಾ, ಅಮ್ಮನಿಗೂ ಏನಾದರೂ ಆದರೆ?
* ಹದಿಹರೆಯ: ದೊಡ್ಡವರಷ್ಟೇ ತಿಳಿದಿರುತ್ತಾರೆ, ತೋರಿಸಿಕೊಳ್ಳುವುದಿಲ್ಲ. ಫೋನು, ಮುಚ್ಚಿದ ಬಾಗಿಲು, ಸಿಡುಕು. ಕೆಲವರು ಓಡಾಡಿ ಎಲ್ಲ ಕೆಲಸ ಮಾಡುತ್ತಾರೆ. ಅದನ್ನು ನೋಡಿ 'ಎಷ್ಟು ಗಟ್ಟಿ ಹುಡುಗ' ಎಂದು ನಾವು ನಿಶ್ಚಿಂತರಾಗುತ್ತೇವೆ.

ಸುದ್ದಿಯನ್ನು ಹೇಳುವುದು ಹೇಗೆ?

ನಿಜ ಹೇಳಿದರೆ ಮಗುವಿಗೆ ಆಘಾತವಾಗುತ್ತದೆ ಎಂಬುದು ನಮ್ಮ ಭಯ. ಆಘಾತವಂತೂ ಈಗಾಗಲೇ ಆಗಿದೆ. ಮಗುವಿಗೆ ಹೇಳದೆ ಬಿಟ್ಟ ಜಾಗವನ್ನು ಅದರ ಕಲ್ಪನೆ ತುಂಬುತ್ತದೆ, ಆ ಕಲ್ಪನೆ ಸಾಮಾನ್ಯವಾಗಿ ನಿಜಕ್ಕಿಂತ ಭೀಕರ. ಅಲ್ಲದೆ, ಇವತ್ತು ಮುಚ್ಚಿಟ್ಟದ್ದು ನಾಳೆ ಶಾಲೆಯ ವ್ಯಾನಿನಲ್ಲಿ ಬಯಲಾದರೆ, ದೊಡ್ಡವರ ಯಾವ ಮಾತನ್ನೂ ನಂಬುವಂತಿಲ್ಲ ಎಂದು ಮಗು ತೀರ್ಮಾನಿಸುತ್ತದೆ.

1. ತಡಮಾಡಬೇಡಿ. ಮಗುವಿಗೆ ತೀರಾ ಹತ್ತಿರದವರೇ ಹೇಳಲಿ. ಅವರಿಗೆ ಆಗದಿದ್ದರೆ ಅವರು ಪಕ್ಕದಲ್ಲಿ ಕೂರಲಿ, ಅತ್ತೆಯೋ ಸೋದರಮಾವನೋ ಹೇಳಲಿ. ಈಗ ಇನ್ನೊಂದು ಅವಸರವೂ ಇದೆ: ನೆಂಟರ ವಾಟ್ಸಾಪ್ ಸ್ಟೇಟಸ್‌ನಲ್ಲಿ ಫೋಟೊ ಬರುವ ಮುಂಚೆ ಮನೆಯ ಮಕ್ಕಳಿಗೆ ವಿಷಯ ಗೊತ್ತಿರಬೇಕು.

2. ಜನರ ನಡುವೆ ಬೇಡ. ಮಗುವಿಗೆ ಗುರುತಿರುವ ಕೋಣೆಯಲ್ಲಿ, ಅದರ ಎತ್ತರಕ್ಕೆ ಕೂತು, ಮುಟ್ಟಿಕೊಂಡು ಹೇಳಿ.

3. ನೇರ ಮಾತಿನಲ್ಲಿ ಹೇಳಿ. 'ತುಂಬ ದುಃಖದ ವಿಷಯ ಹೇಳಬೇಕು ಪುಟ್ಟ. ಅಪ್ಪ ಸತ್ತುಹೋದರು. ಅವರ ಹೃದಯ ನಿಂತುಹೋಯಿತು. ಡಾಕ್ಟರು ತುಂಬ ಪ್ರಯತ್ನಪಟ್ಟರು, ಆಗಲಿಲ್ಲ.' ಈ ಮಾತು ನಮಗೆ ಒರಟು ಅನಿಸಬಹುದು. 'ತೀರಿಹೋದರು' ಎನ್ನುವುದೇ ನಿಮ್ಮ ರೂಢಿಯಾದರೆ ಅರ್ಥವನ್ನೂ ಸೇರಿಸಿ: 'ಅಂದರೆ ಅವರ ದೇಹ ಕೆಲಸ ನಿಲ್ಲಿಸಿತು. ಇನ್ನು ಅವರು ಉಸಿರಾಡುವುದಿಲ್ಲ, ಮಾತಾಡುವುದಿಲ್ಲ, ತಿರುಗಿ ಬರುವುದಿಲ್ಲ.'

4. ಕಾಯಿಲೆಯಿಂದಾದರೆ ವ್ಯತ್ಯಾಸ ಹೇಳಿ. 'ಜ್ವರ ಬಂದು ಹೋದರು' ಎಂದಷ್ಟೇ ಕೇಳಿದ ಮಗು ತನಗೆ ಮೈ ಬಿಸಿಯಾದಾಗಲೆಲ್ಲ ನಡುಗುತ್ತದೆ. 'ನಿನಗೆ ಬರುವ ನೆಗಡಿ ಜ್ವರದ ಹಾಗಲ್ಲ, ಇದು ತುಂಬ ದೊಡ್ಡ ಕಾಯಿಲೆ' ಎಂದು ಬಿಡಿಸಿ ಹೇಳಿ.

5. ಕೇಳದ ಮೂರು ಪ್ರಶ್ನೆಗಳಿಗೆ ಉತ್ತರ ಕೊಡಿ. ಹೆಚ್ಚಿನ ಮಕ್ಕಳ ಮನಸ್ಸಿನಲ್ಲಿ ಇವು ಇರುತ್ತವೆ: ನನ್ನಿಂದ ಹೀಗಾಯಿತಾ? ನೀನೂ ಸತ್ತುಹೋಗ್ತೀಯಾ? ನನ್ನನ್ನು ಯಾರು ನೋಡಿಕೊಳ್ತಾರೆ? ಮೊದಲನೆಯದಕ್ಕೆ 'ನೀನು ಮಾಡಿದ್ದು, ಹೇಳಿದ್ದು, ಅಂದುಕೊಂಡದ್ದು ಯಾವುದರಿಂದಲೂ ಅಲ್ಲ'. ಎರಡನೆಯದಕ್ಕೆ 'ನಾನು ಸಾಯೋದೇ ಇಲ್ಲ' ಎಂಬ ಸುಳ್ಳು ಭರವಸೆ ಬೇಡ. 'ನಾನು ಆರೋಗ್ಯವಾಗಿದ್ದೀನಿ, ತುಂಬ ವರ್ಷ ನಿನ್ನ ಜೊತೆ ಇರ್ತೀನಿ ಅಂತ ನಂಬಿದ್ದೀನಿ' ಎನ್ನಿ. ಮೂರನೆಯದಕ್ಕೆ ಹೆಸರು ಹಿಡಿದು ಹೇಳಿ: 'ನಾನಿದ್ದೀನಿ, ಅಜ್ಜಿ ಇದ್ದಾರೆ, ಸ್ಕೂಲಿಗೆ ಮಾಮ ಬಿಡ್ತಾರೆ.'

6. ನಂಬಿಕೆಯ ಮಾತು ಆಮೇಲೆ. ಆತ್ಮ, ಸ್ವರ್ಗ, ಶಿವಸಾಯುಜ್ಯ, ಜನ್ನತ್: ನಿಮ್ಮ ಮನೆಯ ನಂಬಿಕೆ ಏನಿದೆಯೋ ಅದನ್ನು ಖಂಡಿತ ಹೇಳಿ. ಆದರೆ ದೇಹಕ್ಕೆ ಏನಾಯಿತು ಎಂಬುದು ಮೊದಲು ತಿಳಿದಿರಲಿ. ಇಲ್ಲದಿದ್ದರೆ 'ದೇವರ ಹತ್ತಿರ' ಎಂಬುದು ಬಸ್ಸು ಹೋಗುವ ಇನ್ನೊಂದು ಊರಾಗಿಬಿಡುತ್ತದೆ.

7. ಅದೇ ಪ್ರಶ್ನೆಗೆ ಅದೇ ಉತ್ತರ. ಮಗು ಮತ್ತೆ ಮತ್ತೆ ಕೇಳುವುದು ಮರೆತಿದ್ದಕ್ಕಲ್ಲ, ಉತ್ತರ ಬದಲಾಗಿದೆಯೇ ಎಂದು ನೋಡಲು. ಎಲ್ಲರೂ ಒಂದೇ ಮಾತು ಹೇಳುವಂತೆ ಮನೆಯವರು ಮೊದಲೇ ಮಾತಾಡಿಕೊಳ್ಳಿ.

ಆತ್ಮಹತ್ಯೆಯಾಗಿದ್ದರೆ

ಇದನ್ನೇ ಎಲ್ಲಕ್ಕಿಂತ ಹೆಚ್ಚು ಮುಚ್ಚಿಡುತ್ತೇವೆ. ಊರಿನವರ ಬಾಯಿಂದ ಮಗುವಿಗೆ ಬೇಗ ತಲುಪುವುದೂ ಇದೇ. ವಿಧಾನದ ವಿವರ ಬೇಡ, ಕಾರಣವನ್ನು ಒಬ್ಬರ ಮೇಲೆ ಹೊರಿಸುವುದೂ ಬೇಡ. 'ಅಪ್ಪನ ಮನಸ್ಸು ತುಂಬ ನೋಯ್ತಾ ಇತ್ತು. ಆ ನೋವಿನಲ್ಲಿ ಬೇರೆ ದಾರಿ ಇದೆ ಅಂತ ಅವರಿಗೆ ಕಾಣಲಿಲ್ಲ, ತಾವೇ ಪ್ರಾಣ ಕಳೆದುಕೊಂಡರು. ಅದು ನಿನ್ನಿಂದಲ್ಲ, ಅಮ್ಮನಿಂದಲೂ ಅಲ್ಲ. ನಿನಗೆ ಯಾವತ್ತಾದರೂ ಅಷ್ಟು ನೋವಾದರೆ ನಮಗೆ ಹೇಳು, ಸಹಾಯ ಸಿಗುತ್ತದೆ.' ಚಿಕ್ಕ ಮಗುವಿಗೆ ಇದರಲ್ಲಿ ಎರಡು ವಾಕ್ಯ ಸಾಕು. ಬೆಳೆದಂತೆ ಉಳಿದದ್ದನ್ನು ಸೇರಿಸುತ್ತಾ ಹೋಗಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

* 'ಅಜ್ಜ ಮಲಗಿದ್ದಾರೆ.' ಮಗು ತಾನು ಮಲಗಲು ಹೆದರುತ್ತದೆ. ಅಮ್ಮ ಮಧ್ಯಾಹ್ನ ಕಣ್ಣು ಮುಚ್ಚಿದರೆ ಎಬ್ಬಿಸುತ್ತದೆ.
* 'ದೂರದ ಊರಿಗೆ ಹೋಗಿದ್ದಾರೆ.' ಮಗು ಕಾಯುತ್ತದೆ. ಫೋನೂ ಮಾಡದೆ ತನ್ನನ್ನು ಬಿಟ್ಟು ಹೋದರಲ್ಲ ಎಂಬ ಸಿಟ್ಟು ಒಳಗೇ ಬೆಳೆಯುತ್ತದೆ.
* 'ಒಳ್ಳೆಯವರನ್ನು ದೇವರು ಬೇಗ ಕರೆಸಿಕೊಳ್ತಾನೆ.' ಹಾಗಾದರೆ ಒಳ್ಳೆಯವಳಾಗಿರುವುದು ಅಪಾಯ ಎಂದು ಆರು ವರ್ಷದ ಮಗು ಲೆಕ್ಕ ಹಾಕುತ್ತದೆ.
* 'ಇನ್ಮೇಲೆ ನೀನೇ ಮನೆ ಯಜಮಾನ', 'ತಂಗಿಗೆ ನೀನೇ ಅಮ್ಮ.' ಸಮಾಧಾನಕ್ಕೆಂದು ಆಡಿದ ಈ ಮಾತನ್ನು ಮಕ್ಕಳು ಅಕ್ಷರಶಃ ಹೊರುತ್ತಾರೆ. ಬದಲಿಗೆ 'ನೀನು ಮಗು, ಮನೆ ನೋಡಿಕೊಳ್ಳೋದು ನಮ್ಮ ಕೆಲಸ' ಎನ್ನಿ.
* 'ಅಳಬೇಡ, ನೀನು ಅತ್ತರೆ ಅಮ್ಮನೂ ಅಳ್ತಾಳೆ.' ಅಮ್ಮನ ಕಣ್ಣೀರಿಗೆ ಮಗುವನ್ನು ಕಾವಲಿಟ್ಟಂತಾಯಿತು. ಇಬ್ಬರೂ ಅಳಲಿ.
* 'ಆಟ ಆಡ್ತಿದೆ ನೋಡಿ, ಅದಕ್ಕೇನೂ ಗೊತ್ತಾಗಿಲ್ಲ.' ಮಕ್ಕಳು ಐದು ನಿಮಿಷ ಅತ್ತು ಚೆಂಡು ಹಿಡಿದು ಓಡುತ್ತಾರೆ, ರಾತ್ರಿ ಮತ್ತೆ ಅಳುತ್ತಾರೆ. ದುಃಖವನ್ನು ಅವರು ಕಂತಿನಲ್ಲೇ ಅನುಭವಿಸುವುದು.
* 'ಹುಟ್ಟಿದ ಗಳಿಗೆ ಸರಿಯಿಲ್ಲ, ಅಪ್ಪನ್ನ ತಿಂದ್ಕೊಂಡ್ತು.' ಜಾತಕ, ಕಾಲ್ಗುಣದ ಹೆಸರಿನ ಇಂಥ ಮಾತು ಮಗುವಿನ ಕಿವಿಗೆ ಬಿದ್ದರೆ ಜೀವಮಾನದ ಗಾಯ. ಹಿರಿಯರೇ ಆಡಿದರೂ ಅಲ್ಲೇ ತಡೆಯಿರಿ, ಆಮೇಲೆ ಮಗುವಿನ ಹತ್ತಿರ ಕೂತು ಅದು ಸುಳ್ಳು ಎಂದು ಹೇಳಿ.

ಅಂತ್ಯಕ್ರಿಯೆಗೆ ಮಗು ಬರಬೇಕೇ?

ಬರಲೇಬೇಕು ಎಂಬುದೂ ತಪ್ಪು, ಬರಲೇಬಾರದು ಎಂಬುದೂ ತಪ್ಪು. ಕೊನೆಯ ಸಲ ನೋಡುವುದರಿಂದ ಸಾವು ನಿಜ ಎಂಬುದು ಮಗುವಿಗೆ ಖಚಿತವಾಗುತ್ತದೆ. ನೋಡಲು ಬಿಡದ ಮಕ್ಕಳಲ್ಲಿ ಆ ಕೊರಗು ದೊಡ್ಡವರಾದ ಮೇಲೂ ಉಳಿಯುವುದುಂಟು. ಆದರೆ ಸಿದ್ಧತೆಯಿಲ್ಲದೆ ಜನರ ಚೀರಾಟದ ನಡುವೆ ತಂದು ನಿಲ್ಲಿಸಿದರೆ ಅದೇ ಹೆದರಿಕೆಯಾಗುತ್ತದೆ.

1. ಮೊದಲೇ ವಿವರಿಸಿ. 'ಅಜ್ಜಿಯನ್ನು ಚಾಪೆ ಮೇಲೆ ಮಲಗಿಸಿರ್ತಾರೆ. ಮೈ ತಣ್ಣಗಿರುತ್ತೆ. ಜನ ಜೋರಾಗಿ ಅಳ್ತಾರೆ. ಆಮೇಲೆ ಎತ್ತಿಕೊಂಡು ಹೋಗ್ತಾರೆ.' ಸುಡುವುದನ್ನೋ ಹೂಳುವುದನ್ನೋ ಹೇಳುವಾಗ 'ದೇಹಕ್ಕೆ ಈಗ ನೋವಾಗುವುದಿಲ್ಲ' ಎಂಬುದನ್ನು ಮರೆಯಬೇಡಿ.

2. ಕೇಳಿ, ಒತ್ತಾಯಿಸಬೇಡಿ. 'ನೋಡ್ತೀಯಾ? ಮುಟ್ಟಬೇಕು ಅನಿಸಿದರೆ ಮುಟ್ಟು. ಬೇಡ ಅಂದರೂ ಸರಿ.' ಬೇಡ ಎಂದ ಮಗು ಒಂದು ಹೂವನ್ನೋ ತಾನು ಬರೆದ ಚಿತ್ರವನ್ನೋ ಕಳಿಸಬಹುದು.

3. ಒಬ್ಬರನ್ನು ಗೊತ್ತುಮಾಡಿ. ಆ ದಿನ ಮಗುವಿನ ಜೊತೆ ಇರುವುದಷ್ಟೇ ಅವರ ಕೆಲಸ. ಮಗು ಸಾಕೆಂದರೆ ಅಲ್ಲಿಂದ ಕರೆದುಕೊಂಡು ಹೋಗಬೇಕು. ತೀರಾ ಶೋಕದಲ್ಲಿರುವವರಿಂದ ಇದು ಆಗದು, ದೂರದ ನೆಂಟರೋ ಸ್ನೇಹಿತರೋ ವಹಿಸಿಕೊಳ್ಳಲಿ.

4. ಹುಡುಗನೇ ಕ್ರಿಯೆ ಮಾಡಬೇಕಾಗಿದ್ದರೆ. ಹತ್ತು ವರ್ಷದ ಹುಡುಗನ ಹೆಗಲಿಗೆ ಮಡಕೆ, ಕೈಗೆ ಕೊಳ್ಳಿ ಕೊಡುವ ಮುಂಚೆ ಅವನಿಗೆ ಪ್ರತಿಯೊಂದನ್ನೂ ಹೇಳಿ. ಚಿಕ್ಕಪ್ಪನೋ ಮಾವನೋ ಅವನ ಕೈ ಹಿಡಿದು ಮಾಡಿಸಬಹುದೇ, ಅವನ ಪರವಾಗಿ ಮಾಡಬಹುದೇ ಎಂದು ಪುರೋಹಿತರನ್ನು ಮೊದಲೇ ಕೇಳಿ. ತಲೆ ಬೋಳಿಸಿದರೆ, ಶಾಲೆಗೆ ಮರಳಿದಾಗ ಗೆಳೆಯರು ಕೇಳುವ ಪ್ರಶ್ನೆಗೆ ಅವನ ಬಳಿ ಒಂದು ಉತ್ತರ ಸಿದ್ಧವಿರಲಿ. ಹೆಣ್ಣುಮಗಳು ತಾನೂ ಮಾಡುತ್ತೇನೆ ಎಂದರೆ ಅವಳಿಗೂ ಒಂದು ಪಾಲು ಕೊಡಿ.

5. ಅಮ್ಮನ ಬಳೆ, ಕುಂಕುಮ. ಬಳೆ ಒಡೆಯುವುದನ್ನು, ಹಣೆ ಒರೆಸುವುದನ್ನು ನೋಡಿದ ಮಗುವಿಗೆ ಅಮ್ಮನಿಗೆ ಶಿಕ್ಷೆಯಾಗುತ್ತಿರುವಂತೆ ಕಾಣುತ್ತದೆ. ಈ ಶಾಸ್ತ್ರ ಬೇಕೋ ಬೇಡವೋ ಎಂಬುದನ್ನು ಆಕೆಯ ಇಷ್ಟಕ್ಕೆ ಬಿಡಿ. ಮಕ್ಕಳೆದುರಿಗಂತೂ ಬೇಡ.

ತಿಥಿ ಮುಗಿದು ನೆಂಟರು ಹೊರಟ ಮೇಲೆ

ಹನ್ನೊಂದನೆಯ ದಿನವೋ ಹದಿಮೂರನೆಯ ದಿನವೋ, ಬೊಜ್ಜವೋ ಶಿವಗಣಾರಾಧನೆಯೋ, ನಲವತ್ತನೆಯ ದಿನದ ಫಾತಿಹಾವೋ: ಅಲ್ಲಿಯವರೆಗೆ ಯಾವ ದಿನ ಏನು ಮಾಡಬೇಕು ಎಂಬುದನ್ನು ನಮ್ಮ ಪದ್ಧತಿಗಳೇ ಹೇಳಿಕೊಡುತ್ತವೆ. ಅದಾದ ಮೇಲೆ ಮನೆ ಖಾಲಿ, ದಿನಗಳೂ ಖಾಲಿ. ಕುಟುಂಬಕ್ಕೆ ನಿಜವಾಗಿ ಜೊತೆ ಬೇಕಾಗುವುದು ಆಗ.

ದುಃಖ ಐದು ಮೆಟ್ಟಿಲು ಇಳಿದು ಮುಗಿಯುತ್ತದೆ ಎಂಬ ಮಾತನ್ನು ನೀವು ಕೇಳಿರಬಹುದು. ಮನೋವೈದ್ಯೆ ಎಲಿಜಬೆತ್ ಕೂಬ್ಲರ್-ರಾಸ್ 1969ರಲ್ಲಿ ಆ ಹಂತಗಳನ್ನು ಬರೆದದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳ ಜೊತೆ ಮಾತಾಡಿ. ಹಿಂದೆ ಉಳಿದವರ ದುಃಖಕ್ಕೆ ಅದನ್ನು ವೇಳಾಪಟ್ಟಿಯಂತೆ ಅನ್ವಯಿಸಬೇಕಿಲ್ಲ. ಸಂಶೋಧಕರಾದ ಸ್ಟ್ರೋಬೆ ಮತ್ತು ಶುಟ್ 1999ರಲ್ಲಿ ಮುಂದಿಟ್ಟ ವಿವರಣೆ ನಮ್ಮ ಅನುಭವಕ್ಕೆ ಹತ್ತಿರ. ಮನಸ್ಸು ಒಮ್ಮೆ ಹೋದವರ ಕಡೆ, ಒಮ್ಮೆ ಬದುಕಿನ ಕಡೆ ಹೀಗೆ ಓಡಾಡುತ್ತಿರುತ್ತದೆ. ಆ ಓಡಾಟವೇ ಆರೋಗ್ಯ. ಬೆಳಿಗ್ಗೆ ಅತ್ತ ತಾಯಿ ಸಂಜೆ ಮಗಳ ಮಾತಿಗೆ ನಕ್ಕರೆ ಅದು ಮರೆವಲ್ಲ, ದ್ರೋಹವೂ ಅಲ್ಲ.

1. ದಿನಚರಿ ಮೊದಲು. ಎಲ್ಲವೂ ಅಲ್ಲಾಡಿದಾಗ ಎಂಟು ಗಂಟೆಗೆ ಊಟ, ಒಂಬತ್ತಕ್ಕೆ ಹಾಸಿಗೆ ಎಂಬುದೇ ಮಗುವಿಗೆ ಭದ್ರತೆ. ಶಾಲೆ, ಮನೆ ಬದಲಿಸುವ ನಿರ್ಧಾರ ಮುಂದೂಡಲು ಸಾಧ್ಯವಿದ್ದರೆ ಮುಂದೂಡಿ. ಮಗುವನ್ನು 'ಸ್ವಲ್ಪ ದಿನ' ಬೇರೆ ಊರಿಗೆ ಕಳಿಸುವುದು ಅದಕ್ಕೆ ಎರಡನೆಯ ಅಗಲಿಕೆ.

2. ಮತ್ತೆ ಚಿಕ್ಕ ಮಗುವಿನಂತಾದರೆ ಗದರಿಸಬೇಡಿ. ದೊಡ್ಡ ಮಗು ಮತ್ತೆ ಹಾಸಿಗೆ ಒದ್ದೆ ಮಾಡಬಹುದು, ಅಮ್ಮನ ಸೆರಗು ಬಿಡದಿರಬಹುದು, ಹೊಟ್ಟೆನೋವು ಎನ್ನಬಹುದು. ಕೆಲವು ವಾರ ಹೀಗಿರುವುದು ಸಹಜ.

3. ಶಾಲೆಗೆ ಮುಂಚೆಯೇ ತಿಳಿಸಿ. ತರಗತಿಗೆ ಏನು ಹೇಳಬೇಕೆಂದು ಮಗುವನ್ನೇ ಕೇಳಿ ಶಿಕ್ಷಕರಿಗೆ ಹೇಳಿ. ಅಳು ಬಂದಾಗ ಕೇಳದೆಯೇ ಹೊರಗೆ ಹೋಗಲು ಒಂದು ಸನ್ನೆ ಗೊತ್ತುಮಾಡಿಕೊಳ್ಳಲಿ. ಶಿಕ್ಷಕರೇ, 'ಅಪ್ಪನ ಸಹಿ ಹಾಕಿಸಿಕೊಂಡು ಬಾ' ಎಂಬ ರೂಢಿಯ ಮಾತು, ಅಮ್ಮನ ದಿನಕ್ಕೆ ಮಾಡಿಸುವ ಕಾರ್ಡು ಆ ಮಗುವಿಗೆ ಏನಾಗುತ್ತದೆ ನೋಡಿ. 'ಮನೆಯ ದೊಡ್ಡವರ ಸಹಿ' ಎಂದರೆ ಸಾಕು. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ ಎದುರಿಗಿದ್ದರೆ ಬರೆಯುವ ನಿರ್ಧಾರ ವಿದ್ಯಾರ್ಥಿಯದೇ ಆಗಲಿ. ಅದೇ ವರ್ಷ ಮತ್ತೊಂದು ಪರೀಕ್ಷೆಯ ಅವಕಾಶ ಇದೆ ಎಂಬುದನ್ನು ನೆನಪಿಸಿ.

4. ಹೆಸರು ಎತ್ತಿ. ನೋವಾದೀತು ಎಂದು ಎಲ್ಲರೂ ಹೋದವರ ಮಾತನ್ನೇ ಬಿಟ್ಟರೆ ಮಗುವಿಗೆ ಅವರು ಎರಡನೆಯ ಸಲ ಕಳೆದುಹೋಗುತ್ತಾರೆ. ಮಹಾಲಯ ಅಮಾವಾಸ್ಯೆಗೆ ಎಡೆ ಇಡುವ ಮನೆಯಾದರೆ 'ಅಪ್ಪನಿಗೆ ಏನಿಷ್ಟ ಇತ್ತು, ಏನು ಮಾಡೋಣ?' ಎಂದು ಮಗುವನ್ನೇ ಕೇಳಿ. ನವೆಂಬರ್ 2ರಂದು ಸಮಾಧಿಗೆ ಹೋಗುವ ಕ್ರೈಸ್ತರು, ಕಬರಸ್ಥಾನಕ್ಕೆ ಹೋಗುವವರು ಮಗು ಬಯಸಿದರೆ ಜೊತೆಗೆ ಕರೆದುಕೊಂಡು ಹೋಗಲಿ. ಯಾವ ಆಚರಣೆಯೂ ಇಲ್ಲದ ಮನೆಯಲ್ಲಿ ಒಂದು ಡಬ್ಬಿ ಸಾಕು: ಅಮ್ಮನ ಕನ್ನಡಕ, ಅವರ ಕೈಬರಹದ ದಿನಸಿ ಚೀಟಿ, ದನಿಯಿರುವ ವಾಯ್ಸ್ ಮೆಸೇಜಿನ ಪ್ರತಿ. ಬಟ್ಟೆಬರೆ ದಾನ ಕೊಡುವ ಮುಂಚೆ ಮಗುವಿಗೆ ಒಂದನ್ನು ಆರಿಸಿಕೊಳ್ಳಲು ಬಿಡಿ.

5. ಮೊದಲ ವರ್ಷದ ಹಬ್ಬಗಳು. ವರ್ಷ ತುಂಬುವವರೆಗೆ ಹಬ್ಬವಿಲ್ಲ ಎಂಬ ಪದ್ಧತಿ ಇರುವ ಮನೆಯ ಮಗು, ದೀಪಾವಳಿಯಲ್ಲಿ ಕಿಟಕಿಯಿಂದ ಬೀದಿ ನೋಡುತ್ತಾ ಕೂರಬೇಕಾಗುತ್ತದೆ. ಏಕೆ ಎಂದು ಮೊದಲೇ ತಿಳಿಸಿ. ಗೆಳೆಯರ ಮನೆಗೆ ಹೋಗಲು ಬಿಡಬಹುದೇ ಎಂದು ಹಿರಿಯರು ಯೋಚಿಸಿ. ಹೋದವರ ಹುಟ್ಟುಹಬ್ಬ, ಮಗುವಿನ ಹುಟ್ಟುಹಬ್ಬ, ಶಾಲೆ ಶುರುವಾಗುವ ದಿನ ಇವೂ ಭಾರದ ದಿನಗಳೇ.

ನೆಂಟರು, ನೆರೆಯವರು ಮಾಡಬಹುದಾದದ್ದು

ಮಾತಾಡಿಸಿಕೊಂಡು ಬರಲು ಹೋದಾಗ 'ಏನಾದ್ರೂ ಬೇಕಿದ್ರೆ ಹೇಳಿ' ಎನ್ನುತ್ತೇವೆ. ಶೋಕದಲ್ಲಿರುವವರಿಗೆ ಏನು ಬೇಕೆಂದು ಯೋಚಿಸುವ ಶಕ್ತಿಯೇ ಇರುವುದಿಲ್ಲ, ಆದ್ದರಿಂದ ಅವರು ಕೇಳುವುದೇ ಇಲ್ಲ. ಕೆಲಸವನ್ನು ಹೆಸರಿಸಿ ಹೇಳಿ: 'ಮಂಗಳವಾರ ರಾತ್ರಿಯ ಸಾರು ಪಲ್ಯ ನಮ್ಮನೆಯಿಂದ', 'ತಿಂಗಳ ಕೊನೆಯವರೆಗೆ ಮಕ್ಕಳನ್ನು ಸ್ಕೂಲಿಗೆ ನಾನು ಬಿಡ್ತೀನಿ'. ಸಾವು ಹೇಗಾಯಿತು ಎಂದು ಬಂದವರೆಲ್ಲ ವಿಚಾರಿಸಿದರೆ ಆ ತಾಯಿ ಅದನ್ನು ದಿನಕ್ಕೆ ಹತ್ತು ಸಲ ಹೇಳಬೇಕಾಗುತ್ತದೆ. ಅದನ್ನು ಬಿಟ್ಟು ಸುಮ್ಮನೆ ಕೂರಿ.

ಕಾಗದಪತ್ರದ ಕೆಲಸಕ್ಕೆ ಒಬ್ಬರು ಪೂರ್ತಿ ಜೊತೆಯಾದರೆ ದೊಡ್ಡ ಉಪಕಾರ. ಮರಣವನ್ನು 21 ದಿನದೊಳಗೆ ನೋಂದಾಯಿಸಿದರೆ ತಡದ ಶುಲ್ಕವಿಲ್ಲ. ಬ್ಯಾಂಕು, ವಿಮೆ, ಪಿಂಚಣಿ, ಪೌತಿ ಖಾತೆ ಎಲ್ಲಕ್ಕೂ ಮರಣ ಪ್ರಮಾಣಪತ್ರದ ಪ್ರತಿಗಳು ಬೇಕು, ಹಲವು ಕಡೆ ವಂಶವೃಕ್ಷವೂ ಬೇಕು. ಶೋಕದ ಮಂಪರಿನಲ್ಲಿರುವವರಿಂದ ಆಸ್ತಿಪತ್ರಗಳಿಗೆ ಆತುರದ ಸಹಿ ಹಾಕಿಸಿಕೊಳ್ಳಲು ಯಾರಿಗೂ ಬಿಡಬೇಡಿ. ಆದಾಯ ಕಡಿಮೆಯಿರುವ ವಿಧವೆಯ ಮಕ್ಕಳಿಗೂ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡು ನೆಂಟರ ಮನೆಯಲ್ಲಿರುವ ಮಕ್ಕಳಿಗೂ ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿಯ ಪ್ರಾಯೋಜಕತ್ವದ ನೆರವಿಗೆ ಅವಕಾಶವಿದೆ. ಅರ್ಜಿಗೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನು ವಿಚಾರಿಸಿ.

ಉಳಿದಿರುವ ತಾಯಿಗೋ ತಂದೆಗೋ ಒಂದು ಮಾತು. ಮಕ್ಕಳೆದುರು ಅತ್ತರೆ ತಪ್ಪಿಲ್ಲ. 'ಅಮ್ಮನಿಗೆ ಅಪ್ಪನ ನೆನಪಾಯ್ತು, ಸ್ವಲ್ಪ ಹೊತ್ತಿಗೆ ಸರಿಹೋಗ್ತೀನಿ' ಎಂದು ಹೇಳಿ ಅಳಿ. ದುಃಖ ಹೇಗೆ ಹೊರಬರುತ್ತದೆ, ಹೇಗೆ ತಗ್ಗುತ್ತದೆ ಎಂಬುದನ್ನು ಮಗು ಕಲಿಯುವುದು ನಿಮ್ಮನ್ನು ನೋಡಿ. ನೀವು ಉಂಡು, ನಿದ್ದೆ ಮಾಡಿ, ನಿಮ್ಮ ಔಷಧಿ ತೆಗೆದುಕೊಳ್ಳುವುದು ಮಗುವಿನ ಆರೈಕೆಯ ಭಾಗವೇ.

ಯಾವಾಗ ವೈದ್ಯರ ನೆರವು ಬೇಕು?

ದುಃಖ ಕಾಯಿಲೆಯಲ್ಲ, ಹೆಚ್ಚಿನ ಮಕ್ಕಳು ಮನೆಯವರ ಆಸರೆಯಲ್ಲೇ ಚೇತರಿಸಿಕೊಳ್ಳುತ್ತಾರೆ. ಆದರೆ ಇವು ಕಂಡರೆ ಕಾಯಬೇಡಿ:

* ಸಾಯುವ, ತನ್ನನ್ನು ಗಾಯಮಾಡಿಕೊಳ್ಳುವ ಮಾತು ಅಥವಾ ಪ್ರಯತ್ನ. 'ನಾನೂ ಅಪ್ಪನ ಹತ್ತಿರ ಹೋಗ್ತೀನಿ' ಎಂದು ಚಿಕ್ಕ ಮಗು ಅಂದರೆ ಹೆಚ್ಚಾಗಿ ಅದು ನೋಡುವ ಆಸೆ. ಆದರೂ 'ಹೇಗೆ ಹೋಗ್ತೀಯಾ, ಸಾಯಬೇಕು ಅನಿಸ್ತಿದೆಯಾ?' ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ.
* ವಾರಗಟ್ಟಲೆ ಊಟ, ನಿದ್ದೆ ಇಲ್ಲದಿರುವುದು. ಆಟ, ಗೆಳೆಯರು, ಶಾಲೆ ಎಲ್ಲವನ್ನೂ ಬಿಡುವುದು.
* ತನ್ನಿಂದಲೇ ಸಾವಾಯಿತು ಎಂಬ ನಂಬಿಕೆ ಎಷ್ಟು ಹೇಳಿದರೂ ಹೋಗದಿರುವುದು.
* ಹದಿಹರೆಯದವರಲ್ಲಿ ಕುಡಿತ, ಮಾದಕವಸ್ತು, ಗಾಡಿಯ ಹುಚ್ಚು ವೇಗ.
* ಕಣ್ಣೆದುರೇ ಅಪಘಾತ, ಕೊಲೆ, ಆತ್ಮಹತ್ಯೆ ಕಂಡ ಮಗುವಿಗೆ ಆ ದೃಶ್ಯ ಮತ್ತೆ ಮತ್ತೆ ಎದುರಾಗುವುದು.
* ಆರು ತಿಂಗಳಾದರೂ ಹಂಬಲ ಒಂದಿಷ್ಟೂ ತಗ್ಗದೆ ದಿನದ ಬದುಕೇ ನಿಂತಿರುವುದು. ದೊಡ್ಡವರಿಗೂ ಇದು ಅನ್ವಯಿಸುತ್ತದೆ.

ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416. ಇದು 2022ರ ಅಕ್ಟೋಬರ್ 10ರಂದು ಶುರುವಾಯಿತು. ಇದರ ರಾಷ್ಟ್ರೀಯ ಹೊಣೆ ಹೊತ್ತಿರುವುದು ಬೆಂಗಳೂರಿನ ನಿಮ್ಹಾನ್ಸ್. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯಕ್ಕೆ ಪ್ರತ್ಯೇಕ ವಿಭಾಗವಿದೆ. ಉಳಿದ ಕಡೆಯವರು ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ಕೇಳಬಹುದು. ಅನಾಥವಾದ ಮಗುವಿನ ರಕ್ಷಣೆಯ ಪ್ರಶ್ನೆ ಬಂದರೆ ಮಕ್ಕಳ ಸಹಾಯವಾಣಿ 1098. ಇವುಗಳಿಗೆ ಕರೆ ಮಾಡಲು ಪರಿಸ್ಥಿತಿ ಕೈಮೀರುವ ತನಕ ಕಾಯಬೇಕಿಲ್ಲ. 'ಇವತ್ತು ಸಂಜೆ ಮಗುವಿಗೆ ಈ ಸುದ್ದಿ ಹೇಗೆ ಹೇಳಲಿ?' ಎಂದು ಕೇಳಲಿಕ್ಕೂ 14416ಕ್ಕೆ ಫೋನ್ ಮಾಡಬಹುದು.